ಬೋಳಣ್ಣ ಹೊಲ ಬೋಳಿಸದ ವರ್ಷ

ನನ್ನ ಭಾವನಿಗೆ ಊರಿನವರು ಬೋಳಣ್ಣ ಎಂದು ಹೆಸರಿಟ್ಟದ್ದು ಅವನ ತಲೆ ನೋಡಿ ಅಲ್ಲ. ಅವನ ತಲೆಯಲ್ಲಿ ಬಾಚಣಿಗೆ ಸಿಕ್ಕಿಕೊಂಡರೆ ನನ್ನ ಅಕ್ಕನೇ ಬಂದು ಬಿಡಿಸಬೇಕು, ಅಷ್ಟು ಕೂದಲು. ಹೆಸರು ಬಂದದ್ದು ಕೆಲಸದಿಂದ. ಬಿತ್ತುವ ಮೊದಲು ಹೊಲವನ್ನು ಬೋಳಿಸಬೇಕು ಎನ್ನುವುದು ನಮ್ಮೂರಿನ ಕಟ್ಟಳೆ. ಒಂದು ಕಾಲಕ್ಕೆ ಕಾಡಿದ್ದ ನೆಲ ಇದು. ಕಡಿದ ಮರಗಳ ಬುಡಗಳು ಮಣ್ಣಿನೊಳಗೆ ಇನ್ನೂ ಜೀವ ಹಿಡಿದುಕೊಂಡಿವೆ, ವರ್ಷ ವರ್ಷವೂ ಜಾಲಿ, ಬೋರೆಹಣ್ಣಿನ ಮರ ಎಂದು ಚಿಗುರು ಒಡೆದು ಮೇಲೆ ಬರುತ್ತವೆ. ಅವನ್ನು ನೆಲಮಟ್ಟಕ್ಕೆ ಕೊಚ್ಚಿ, ಗುಡಿಸಿ, ಸುಟ್ಟು, ಹೊಲವನ್ನು ಅಂಗೈಯಷ್ಟು ನುಣ್ಣಗೆ ಮಾಡಿದ ಮೇಲೇ ಬಿತ್ತನೆ. ಆ ಕೆಲಸಕ್ಕೆ ಭಾವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಅವನು ಬೋಳಿಸಿದ ಹೊಲದಲ್ಲಿ ಸೂಜಿ ಬಿದ್ದರೂ ಸಿಗುತ್ತದೆ ಎಂದು ಜನ ಹೊಗಳುತ್ತಿದ್ದರು. ಹೊಲಕ್ಕೆ ಸೂಜಿ ತೆಗೆದುಕೊಂಡು ಹೋಗುವವರು ಯಾರು ಎಂದು ನಾನು ಕೇಳುತ್ತಿದ್ದೆ.

ಇನ್ನೊಂದು ಕಟ್ಟಳೆಯನ್ನೂ ಈಗಲೇ ಹೇಳಿಬಿಡುತ್ತೇನೆ. ಬೋಳಿಸಿದ ಹೊಲಕ್ಕೆ ಒಡೆಯನಿದ್ದಾನೆ ಎಂದರ್ಥ. ಬೋಳಿಸದಿದ್ದರೆ ಅದು ಬಿಟ್ಟ ಹೊಲ. ಬಿಟ್ಟ ಹೊಲಕ್ಕೆ ಯಾರು ಬೇಕಾದರೂ ಆಡು ನುಗ್ಗಿಸಬಹುದು, ಸೌದೆ ಕಡಿಯಬಹುದು, ಯಾಕೆ ಎಂದು ಕೇಳುವ ಹಾಗಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಮಕ್ಕಳಿಗೂ ಗೊತ್ತು.

ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ದಿನವಿಡೀ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ಎಂಥದಾಗಿದೆ ಎಂದರೆ, ನಾನು ಮನೆಯೊಳಗೆ ಗುಟ್ಟು ಹೇಳಿದರೆ ಪಕ್ಕದ ಮನೆಯವರು ‘ಹೌದಾ?’ ಎನ್ನುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿದೆ ಎಂದು ಅಕ್ಕ ಬೈಯುತ್ತಾಳೆ. ಇರಲಿ ಬಿಡಿ. ಮೂಗು ನನ್ನದು, ಸಿಟ್ಟೂ ನನ್ನದು. ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿ ನಾನೂ ಅಮ್ಮನೂ ಇದ್ದೇವೆ. ಅಕ್ಕ-ಭಾವ ರಸ್ತೆಯಾಚೆ. ಊರಿನ ಹೊಲಗಳನ್ನು ಬೋಳಿಸುವ ಕೆಲಸ ವರ್ಷಕ್ಕೆ ಕೆಲವು ವಾರ ಮಾತ್ರ. ಉಳಿದಂತೆ ಅವರಿಬ್ಬರ ಹೊಟ್ಟೆ ತುಂಬುವುದು ಅಮ್ಮನ ಹೊಲದಿಂದ. ಹೊಲ ಅಮ್ಮನದು, ಉಳುವುದು ಭಾವ.

ನಮ್ಮ ಕಡೆಯ ದೊಡ್ಡ ಶತ್ರು ಗಾಳಿ. ಜೋಳ ಮೊಳೆತು ಬೆರಳುದ್ದ ಬರುವ ಹೊತ್ತಿಗೆ ಸರಿಯಾಗಿ ಬಯಲಿನ ಕಡೆಯಿಂದ ಬಿಸಿಗಾಳಿ ನುಗ್ಗುತ್ತದೆ. ಮರಳು ಎದ್ದು ಸಸಿಗಳನ್ನು ಕತ್ತರಿಸಿಬಿಡುತ್ತದೆ. ಆಮೇಲೆ ಎರಡನೇ ಸಲ ಬಿತ್ತಬೇಕು, ಒಮ್ಮೊಮ್ಮೆ ಮೂರನೇ ಸಲವೂ. ಮೊದಲೆಲ್ಲ ಗಾಳಿ ಇಷ್ಟು ಜೋರಿರಲಿಲ್ಲ, ಇಷ್ಟು ಬಿಸಿಯೂ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಎರಡನೇ ಬಿತ್ತನೆಯ ಬೀಜವನ್ನು ಪ್ರತಿ ಮನೆಯಲ್ಲೂ ಬೇರೆಯಾಗಿಯೇ ಎತ್ತಿಡುತ್ತಾರೆ. ನಮ್ಮ ಮನೆಯ ಬೀಜ ಅಮ್ಮನ ಮಂಚದ ಪಕ್ಕದ ತಗಡಿನ ಡ್ರಮ್ಮಿನಲ್ಲಿ.

ನಾನು ಹೇಳಹೊರಟ ವರ್ಷದ ಹಿಂದಿನ ವರ್ಷ ಭಾವ ಗಾಡಿಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಊರಿನ ಹೊಲಗಳನ್ನೆಲ್ಲ ಮುಗಿಸಿ ಅಮ್ಮನ ಹೊಲಕ್ಕೆ ಬಂದಿದ್ದ, ಅರ್ಧಕ್ಕಿಂತ ಹೆಚ್ಚು ಬೋಳಿಸಿಯೂ ಆಗಿತ್ತು, ಕೆಳಗಿನ ಮೂಲೆಯೊಂದು ಹಾಗೇ ಉಳಿಯಿತು. ಅಕ್ಕ ಚಿಗುರುಗಳ ನಡುನಡುವೆ ಹೇಗೋ ಬೀಜ ಹಾಕಿದಳು. ಗಾಳಿ ಬಂತು. ಬೋಳಿಸಿದ ಕಡೆ ಸಸಿಗಳೆಲ್ಲ ಹೋದವು, ಬೋಳಿಸದ ಮೂಲೆಯಲ್ಲಿ ಒಂದೂ ಹೋಗಲಿಲ್ಲ. ಊರಿನವರು ಅದನ್ನು ನೋಡಿ ‘ಏನೋ ಅದೃಷ್ಟ’ ಎಂದು ಹೋದರು. ಭಾವ ಮಾತ್ರ ಕೈಗೆ ಪಟ್ಟಿ ಕಟ್ಟಿಕೊಂಡೇ ಆ ಮೂಲೆಗೆ ಹೋಗಿ ಕೂರುತ್ತಿದ್ದ, ಪಟ್ಟಿ ಬಿಚ್ಚಿದ ಮೇಲೂ ವರ್ಷವಿಡೀ. ಮಣ್ಣು ಮುಟ್ಟಿ ನೋಡುತ್ತಿದ್ದ. ಉದುರಿದ ಎಲೆಯ ಕೆಳಗೆ ಬೆರಳು ತೂರಿಸಿ ‘ತಣ್ಣಗಿದೆ, ತಣ್ಣಗಿದೆ’ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ. ಕೈ ಮುರಿದದ್ದು ಸರಿ, ತಲೆಗೂ ಏಟು ಬಿದ್ದಿದೆಯೇನೋ ಎಂದು ಅಕ್ಕ ಹೆದರಿದ್ದಳು.

ಮುಂದಿನ ವರ್ಷ ಬೋಳಿಸುವ ಕಾಲ ಬಂತು. ಭಾವ ಒಂದು ದಿನ ಜೋಳದ ಚೀಲ ಹೊತ್ತು ಗಿರಣಿಗೆ ಬಂದ. ಬಾಗಿಲ ತನಕ ಸಾಲು ನಿಂತಿತ್ತು. ಅವನು ಎಲ್ಲರನ್ನೂ ದಾಟಿಕೊಂಡು ನನ್ನ ಕಿವಿಯ ಹತ್ತಿರ ಬಾಯಿ ತಂದ.

“ಗಿರಣಿ ರಾಣಿ, ನಿಂಗೊಂದು ಗುಟ್ಟು ಹೇಳ್ಬೇಕು.”

“ಕೇಳಿಸ್ತಿಲ್ಲ ಭಾವ, ಜೋರಾಗಿ ಹೇಳು!”

“ಗುಟ್ಟು ಅಂದ್ನಲ್ಲ!”

“ಗುಟ್ಟಾದ್ರೆ ಜೋರಾಗಿ ಹೇಳು!”

ಅವನು ಎದೆ ತುಂಬ ಉಸಿರು ಎಳೆದುಕೊಂಡ. ಅದೇ ಗಳಿಗೆಗೆ ಆ ಹಾಳು ಬೆಲ್ಟು ಚಕ್ರದಿಂದ ಜಾರಿ ಕೆಳಗೆ ಬಿತ್ತು. ಯಂತ್ರ ತಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಭಾವನ ದನಿ ಬೀದಿ ದಾಟಿ ಹೋಯಿತು: “ಈ ಸಲ ನಾನು ನಮ್ಮ ಹೊಲ ಬೋಳಿಸೋದಿಲ್ಲ!”

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶುರುವಾಯಿತು ನೋಡಿ ನಗು. ಬೋಳಣ್ಣ ಬೋಳಿಸುವುದಿಲ್ಲವಂತೆ! ಹೊಟ್ಟೆ ಹಿಡಿದುಕೊಂಡು ನಕ್ಕರು, ಚೀಲದ ಮೇಲೆ ಕೂತು ನಕ್ಕರು. ಬೇಕರಿಯವನಂತೂ ಕಣ್ಣು ಒರೆಸಿಕೊಳ್ಳುತ್ತಾ, “ಒಳ್ಳೇದಾಯ್ತು ಬಿಡಪ್ಪಾ, ನನ್ನ ಒಲೆಗೆ ಸೌದೆ ಆಯ್ತು” ಎಂದ. ನನಗೆ ಸಿಟ್ಟು ನೆತ್ತಿಗೇರಿತು. “ನಗೋರೆಲ್ಲ ಹೊರಗೆ ಹೋಗಿ ನಗ್ರೀ, ಹಿಟ್ಟಿಗೆ ಎಂಜಲು ಬೀಳತ್ತೆ” ಎಂದೆ. ಅದಕ್ಕೂ ನಕ್ಕರು.

ಸುದ್ದಿ ಹಿಂದಿನ ಕೋಣೆ ಮುಟ್ಟಲು ಯಾರ ಕಾಲೂ ಬೇಕಿರಲಿಲ್ಲ. ಅಮ್ಮ ಕಿಟಕಿಯ ಹಿಟ್ಟಿನ ಧೂಳು ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಮ್ಮ ಅಳಿಯನನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಮರ್ಯಾದೆಯಿಂದಲೇ ಮಾತನಾಡಿಸುವವಳು. ಅವತ್ತು ಎಲ್ಲವನ್ನೂ ಗಾಳಿಗೆ ತೂರಿದಳು.

“ಬಾರೋ ಒಳಗೆ” ಎಂದಳು.

ಭಾವ ಹೋದ. ಹಿಂದೆಯೇ ನಾನು, ನನ್ನ ಹಿಂದೆ ಎಲ್ಲಿಂದಲೋ ಓಡಿಬಂದ ಅಕ್ಕ. ಅಮ್ಮ ಬೀಜದ ಡ್ರಮ್ಮಿನ ಮುಚ್ಚಳದ ಮೇಲೆ ಕೂತಳು.

“ಆ ಹೊಲ ಹೇಗೆ ಹೊಲ ಆಯ್ತು ಗೊತ್ತೇನೋ ನಿಂಗೆ? ನಾನೂ ನಿಮ್ಮ ಮಾವನೂ ಕೊಡಲಿ ಹಿಡ್ಕೊಂಡು ಒಂದೊಂದು ಮರ ಉರುಳಿಸಿದ್ವಿ. ನಿನ್ನ ಹೆಂಡ್ತಿ ಆಗ ನನ್ನ ಹೊಟ್ಟೇಲಿದ್ಲು. ಅಂಗೈಲಿ ಚರ್ಮ ಇರ್ಲಿಲ್ಲ ನನ್ಗೆ. ಊರೆಲ್ಲ ಬಂದು ನೋಡಿ, ಹೊಲ ಅಂದ್ರೆ ಇದು ಅಂದ್ರು. ಅದನ್ನ ನೀನು ಮತ್ತೆ ಪೊದೆ ಮಾಡ್ತೀಯಾ?”

“ಪೊದೆ ಅಲ್ಲ ಅತ್ತೆ. ಬುಡಕ್ಕೊಂದೋ ಎರಡೋ ನೆಟ್ಟಗಿರೋ ಕಡ್ಡಿ ಬಿಡ್ತೀನಿ, ಮಿಕ್ಕಿದ್ದು ಸವರ್ತೀನಿ. ಗಾಳಿ ತಡೆಯತ್ತೆ. ಎಲೆ ಬಿದ್ದು ಮಣ್ಣು ತಣ್ಣಗಿರತ್ತೆ. ಮೂಲೇಲಿ ನೋಡಿದ್ನಲ್ಲ ನಾನು.”

“ಮೂಲೆ ನೋಡಿ ಹೊಲ ಮಾಡೋಕಾಗತ್ತಾ?”

ಭಾವ ಜಾಗ ಬಿಟ್ಟು ಕದಲಲಿಲ್ಲ. ಅಮ್ಮ ಅವನನ್ನು ತುಂಬ ಹೊತ್ತು ನೋಡಿದಳು. ಕೊನೆಗೆ ಡ್ರಮ್ಮನ್ನು ಅಂಗೈಯಿಂದ ತಟ್ಟಿ ಹೇಳಿದಳು, “ಒಂದೇ ಬಿತ್ತನೆ. ಗಾಳಿ ಬಂದು ಹೋದ್ಮೇಲೆ ಎರಡನೇ ಸಲ ಬೀಜ ಬೇಕು ಅಂತ ನನ್ನ ಹತ್ರ ಬಾಯಿ ಬಿಟ್ಯೋ, ಹೊಲ ಚಿಕ್ಕಪ್ಪಂಗೆ. ಅವನು ಟ್ರ್ಯಾಕ್ಟರ್ ಬಿಟ್ಟು ಎಲ್ಲಾನೂ ಬುಡಸಮೇತ ಎಬ್ಬಿಸ್ಲಿ.”

ಚಿಕ್ಕಪ್ಪ ಎಂದರೆ ತೀರಿಹೋದ ನಮ್ಮ ಅಪ್ಪನ ತಮ್ಮ. ಅವನ ಹೊಲದ ಮರಗಳನ್ನೂ ಆ ಕಾಲದಲ್ಲಿ ಕಡಿದದ್ದು ಅಪ್ಪ-ಅಮ್ಮನೇ. ಕೆಟ್ಟವನಲ್ಲ. ಆದರೆ ನಮ್ಮ ಹೊಲ ಅವನ ಎರಡು ಹೊಲಗಳ ನಡುವೆ ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕೂತಿದೆ, ಅದು ಸಿಕ್ಕಿದರೆ ಅವನ ಟ್ರ್ಯಾಕ್ಟರ್ ಈ ತುದಿಯಿಂದ ಆ ತುದಿಗೆ ಒಂದೇ ಓಟ. ಹೊಲ ಹೋದರೆ ಅಕ್ಕ-ಭಾವ ಕೂಲಿ ಹುಡುಕಿಕೊಂಡು ಊರು ಬಿಡಬೇಕು. ಅದು ಅಮ್ಮನಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅಕ್ಕ ಗೋಡೆಗೆ ಒರಗಿ ನಿಂತವಳು ಗಂಡನ ಮುಖವನ್ನೇ ನೋಡುತ್ತಿದ್ದಳು, ಈಗಲಾದರೂ ಹಿಂದೆ ಸರಿಯುತ್ತಾನೇನೋ ಎಂದು.

“ಆಗ್ಲಿ ಅತ್ತೆ” ಎಂದ ಭಾವ. ಅಕ್ಕ ಮುಖ ಊದಿಸಿಕೊಂಡು ಮನೆಗೆ ಹೋದಳು.

ಆಮೇಲಿನ ದಿನಗಳಲ್ಲಿ ಅವನನ್ನು ನೋಡಬೇಕಿತ್ತು ನೀವು! ಹೊಟ್ಟೆ ಕೇಳಬೇಕಲ್ಲ, ಬೆಳಿಗ್ಗೆ ಊರಿನವರ ಹೊಲ ಬೋಳಿಸುತ್ತಿದ್ದ. ಮಧ್ಯಾಹ್ನದ ಮೇಲೆ ಅದೇ ಕೈ, ಅದೇ ಕತ್ತಿ ನಮ್ಮ ಹೊಲದಲ್ಲಿ ಬೇರೆಯೇ ಆಗಿಬಿಡುತ್ತಿತ್ತು. ಒಂದೊಂದು ಬುಡದ ಮುಂದೆ ಕುಕ್ಕುರುಗಾಲಲ್ಲಿ ಕೂತು, ಚಿಗುರುಗಳಲ್ಲಿ ಯಾವುದು ನೆಟ್ಟಗಿದೆ, ಯಾವುದು ಗಟ್ಟಿಯಿದೆ ಎಂದು ಮುಟ್ಟಿ ಮುಟ್ಟಿ ನೋಡಿ, ಒಂದೆರಡನ್ನು ಉಳಿಸಿ ಮಿಕ್ಕದ್ದನ್ನು ಸವರುತ್ತಿದ್ದ. ಉಳಿಸಿದ್ದರ ಕೆಳಗಿನ ಅಡ್ಡಕೊಂಬೆಗಳನ್ನು ತೆಗೆದು ಎಲೆಯನ್ನು ಅಲ್ಲೇ ಹರಡುತ್ತಿದ್ದ. ಮನೆಗೆ ಬಂದರೆ ಅದೇ ಮಾತು. “ಊಟಕ್ಕೆ ಕೂತ್ರೂ ಕೊಂಬೆ, ಮಲಗಿದ್ರೂ ಕೊಂಬೆ. ನಂಗೆ ನೆಗಡಿ ಅಂದ್ರೆ, ಆ ಮೂರನೇ ಜಾಲಿ ಚೇತರಿಸ್ಕೊಂಡಿದೆ ಅಂತಾನೆ” ಎಂದು ಅಕ್ಕ ನನ್ನ ಹತ್ತಿರ ಗೋಳಾಡಿದಳು. ಆದರೂ ಒಂದು ಸಂಜೆ ನಾನು ಹೋದಾಗ ಅವಳೇ ಒಂದು ಬೋರೆಯ ಬುಡದಲ್ಲಿ ಕೂತು, “ಇದು ಬೇಡ, ಇದು ಸೊಟ್ಟ. ಅದನ್ನ ಬಿಡು” ಎಂದು ಗಂಡನಿಗೆ ಹೇಳುತ್ತಿದ್ದಳು. ನನಗೆ ನಗು ಬಂತು, ನಗಲಿಲ್ಲ. ಅಕ್ಕನ ಸಿಟ್ಟೂ ಕಡಿಮೆಯದಲ್ಲ.

ಬಿತ್ತನೆಗೆ ಇನ್ನೇನು ಮುಹೂರ್ತ ನೋಡಬೇಕು ಎನ್ನುವಾಗ ಎಡವಟ್ಟಾಯಿತು. ಗಿರಣಿಗೆ ಬಂದವರೊಬ್ಬರು, “ನಿಮ್ಮ ಹೊಲದಲ್ಲಿ ಬೇಕರಿ ಗಾಡಿ ನಿಂತಿದೆಯಲ್ಲ” ಎಂದರು. ಅರ್ಧ ಬೀಸಿದ ಜೋಳವನ್ನು ಹಾಗೇ ಬಿಟ್ಟು, ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿದೆ. ದಾರಿಯಲ್ಲಿ ಯಾರೋ ನನ್ನನ್ನು ನೋಡಿ ಬೆಚ್ಚಿಬಿದ್ದರು.

ಹೋಗಿ ನೋಡಿದರೆ ಬೇಕರಿಯವನೂ ಅವನ ಇಬ್ಬರು ಆಳುಗಳೂ ಮೇಲಿನ ಸಾಲಿನಲ್ಲಿ, ಅಂದರೆ ಗಾಳಿ ಬರುವ ಕಡೆಯ ಸಾಲಿನಲ್ಲೇ ನಿಂತಿದ್ದಾರೆ. ಚಿಗುರು ಕಡಿದದ್ದು ಸಾಲದೆಂದು, ಬುಡ ಹೆಚ್ಚು ಹೊತ್ತು ಉರಿಯುತ್ತದೆ ಎಂದು ಹಗ್ಗ ಬಿಗಿದು ಗಾಡಿಗೆ ಕಟ್ಟಿ ಬೇರುಸಮೇತ ಎಳೆದುಹಾಕಿದ್ದಾರೆ. ಸಾಲಿನ ನಡುಭಾಗ ಹಲ್ಲು ಬಿದ್ದ ಬಾಯಿಯಾಗಿತ್ತು.

“ಏನಣ್ಣಾ ಮಾಡ್ತಿದ್ದೀಯಾ?” ಎಂದು ಕಿರುಚಿದೆ.

“ಸೌದೆ ಕಡೀತಿದ್ದೀನಮ್ಮಾ. ಬಿಟ್ಟ ಹೊಲ ಅಲ್ವಾ?” ಎಂದ, ಏನೂ ಆಗದವನ ಹಾಗೆ.

“ಬಿಟ್ಟ ಹೊಲಾನಾ? ನಾಳೆ ನೀನು ಬೇಕರಿ ಬಾಗ್ಲು ತೆಗೆಯೋದು ತಡ ಆದ್ರೆ ನಾನೂ ಬಿಟ್ಟ ಬೇಕರಿ ಅಂತ ನುಗ್ಗಿ ಬನ್ನು ತುಂಬ್ಕೊಂಡು ಹೋಗ್ಲಾ? ನಿನ್ನ ಕಣ್ಣೇನು ಒಲೇಲಿ ಬೆಂದುಹೋಗಿದೆಯಾ? ಸವರಿರೋದು ಕಾಣ್ಸಲ್ವಾ?”

ಅಷ್ಟರಲ್ಲಿ ಭಾವ ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಅವನು ಕಿತ್ತ ಬುಡವೊಂದರ ಪಕ್ಕ ಕೂತು ಅದರ ಬೇರನ್ನು ಬೆರಳಲ್ಲಿ ಉಜ್ಜಿದ. ಕಣ್ಣಲ್ಲಿ ನೀರಿತ್ತು. ಮಾತು ಮಾತ್ರ ಮೆತ್ತಗಿತ್ತು.

“ನಿಂಗೆ ಒಲೆಗೆ ಸೌದೆ ಇವತ್ತು ಬೇಕಾ, ವರ್ಷಾ ವರ್ಷಾ ಬೇಕಾ?” ಎಂದು ಕೇಳಿದ.

“ಇದೆಂಥಾ ಪ್ರಶ್ನೆ? ವರ್ಷಾ ವರ್ಷಾ ಬೇಕು.”

“ಹಾಗಾದ್ರೆ ಬುಡ ಕೀಳ್ಬೇಡ. ನೆಟ್ಟಗಿರೋದನ್ನ ಮುಟ್ಬೇಡ. ಅಡ್ಡ ಬರೋ ಕೊಂಬೇನ ವಾರಾ ವಾರಾ ನಾನೇ ಸವರಿ ನಿಂಗೆ ಕೊಡ್ತೀನಿ. ಮುಂದಿನ ವರ್ಷಕ್ಕೆ ಇನ್ನೂ ದಪ್ಪ ಕೊಂಬೆ. ಅದರ ಮುಂದಿನ ವರ್ಷಕ್ಕೆ ಇನ್ನೂ ದಪ್ಪ.”

ಬೇಕರಿಯವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸಿದ. ಮೀಸೆಯಲ್ಲಿ ಮೈದಾ ಇತ್ತು. “ಅಂದ್ರೆ ನಾವು ನಾಳೆ ಹಿಟ್ಟು ಹುಳಿ ಬರ್ಲಿ ಅಂತ ಇವತ್ತಿಂದು ಒಂದುಂಡೆ ಎತ್ತಿಟ್ಕೊಳ್ತೀವಲ್ಲ, ಹಾಗೆ?”

“ಹಾಗೇ.”

“ಥೂ, ಮೊದ್ಲೇ ಹೇಳ್ಬಾರ್ದಾ!” ಎಂದು ಅವನು ತನ್ನ ಆಳುಗಳಿಗೇ ಬೈಯತೊಡಗಿದ. “ಎತ್ತಿಟ್ಟ ಉಂಡೇನೇ ಬೇಯಿಸಿಬಿಟ್ರಲ್ಲೋ!”

ಅವತ್ತಿನಿಂದ ಅವನು ನಮ್ಮ ಹೊಲಕ್ಕೆ ಕಾವಲುಗಾರನಾಗಿಬಿಟ್ಟ. ಯಾರಾದರೂ ಕೊಡಲಿ ಹಿಡಿದು ಆ ಕಡೆ ಹೊರಟರೆ ಬೇಕರಿ ಮೆಟ್ಟಿಲ ಮೇಲಿಂದಲೇ, “ಏಯ್, ಅದು ನನ್ನ ಸೌದೆ!” ಎಂದು ಕೂಗುತ್ತಿದ್ದ. ಬಿಟ್ಟ ಹೊಲಕ್ಕೆ ಬಂದ ಭಾಗ್ಯ ನೋಡಿ. ಆದರೆ ಗಾಳಿ ಬರುವ ಕಡೆಯೇ ಸಾಲಿನಲ್ಲಿ ಕಂಡಿಯೊಂದು ಬಾಯಿ ತೆರೆದು ಕೂತಿದ್ದು ಸುಳ್ಳಾಗಲಿಲ್ಲ. ಅಕ್ಕ ಹೇಳಿದಳು, ಸವರಿದ ಮುಳ್ಳುಕೊಂಬೆಗಳನ್ನೆಲ್ಲ ಆ ಕಂಡಿಯಲ್ಲಿ ಒಟ್ಟಿ ಬೇಲಿ ಮಾಡೋಣ ಎಂದು. ಆ ವಾರದ ತನ್ನ ಪಾಲನ್ನು ಬೇಕರಿಯವನು ಗೊಣಗಿಕೊಂಡೇ ಬಿಟ್ಟುಕೊಟ್ಟ. ನಾವು ಮೂವರೂ ಮೈ ಕೈ ಎಲ್ಲ ಗೀರಿಸಿಕೊಂಡು ಬೇಲಿ ಒಟ್ಟಿದೆವು. ಭಾವ ಅದನ್ನು ಎಷ್ಟೋ ಸಲ ಅಲ್ಲಾಡಿಸಿ ನೋಡಿದ. ಗಟ್ಟಿಯಿದೆ ಎಂದು ಬಾಯಲ್ಲಿ ಹೇಳಿದ, ಮುಖ ಹಾಗೆ ಹೇಳಲಿಲ್ಲ.

ಒಂದು ಮಳೆ ಬಿತ್ತು. ಬಿತ್ತಿದೆವು. ಜೋಳ ಮೊಳೆಯಿತು. ಭಾವ ಗಿರಣಿ ಬಾಗಿಲಿಗೆ ಬಂದು ಎರಡು ಬೆರಳಿನ ನಡುವೆ ಅಳತೆ ಹಿಡಿದು ತೋರಿಸುತ್ತಿದ್ದ, ದಿನಾ ಅಂತರ ಸ್ವಲ್ಪ ಹೆಚ್ಚುತ್ತಿತ್ತು. ಸಾಲಿನಲ್ಲಿದ್ದವರು ಈಗ ನಗುತ್ತಿರಲಿಲ್ಲ. “ಇವತ್ತೆಷ್ಟು ಬೋಳಣ್ಣ?” ಎಂದು ಅವರೇ ಕೇಳುತ್ತಿದ್ದರು. ಊರಿಗೆ ಊರೇ ಗಾಳಿಗೆ ಕಾದಂತಿತ್ತು.

ಬಂತು. ಮಧ್ಯಾಹ್ನದ ಹೊತ್ತಿಗೆ ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗಿರಣಿ ನಿಲ್ಲಿಸಿದೆ, ಇಲ್ಲದಿದ್ದರೆ ಹಿಟ್ಟಿಗಿಂತ ಮರಳೇ ಹೆಚ್ಚು ಬೀಸಬೇಕಿತ್ತು. ಎಲ್ಲರೂ ಅಮ್ಮನ ಕೋಣೆಯಲ್ಲಿ ಸೇರಿದೆವು. ತಗಡಿನ ಮಾಡು ದಡಬಡ ಎನ್ನುತ್ತಿತ್ತು, ಕಿಟಕಿಯ ಸಂದಿಯಿಂದ ಮರಳು ಸುರಿಯುತ್ತಿತ್ತು. ಭಾವ ಬಾಗಿಲಿಗೆ ಹೋಗುವುದು, ಅಕ್ಕ ಅವನ ಅಂಗಿ ಹಿಡಿದು ಎಳೆಯುವುದು.

“ಬಿಡೇ, ನೋಡ್ಕೊಂಡು ಬರ್ತೀನಿ.”

“ಹೋಗಿ ಏನ್ಮಾಡ್ತೀಯಾ? ಗಾಳೀನ ಹಿಡ್ಕೊಂಡು ನಿಂತ್ಕೋತೀಯಾ?”

ಅಮ್ಮ ಮಂಚದ ಮೇಲೆ ಕೂತು ಡ್ರಮ್ಮಿನ ಕಡೆಗೂ ನೋಡಲಿಲ್ಲ, ಅಳಿಯನ ಕಡೆಗೂ ನೋಡಲಿಲ್ಲ. ಕಿಟಕಿಯ ಧೂಳನ್ನು ಒರೆಸುವುದು, ಅದು ಮತ್ತೆ ತುಂಬುವುದು, ಮತ್ತೆ ಒರೆಸುವುದು. ನನಗೆ ಸುಮ್ಮನೆ ಕೂರಲು ಬರುವುದಿಲ್ಲ, ಗಾಳಿಗೇ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅದು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಬೆಳಗಾಗುವಾಗ ಗಾಳಿ ನಿಂತಿತ್ತು. ಚಹಾ ಕೂಡ ಕುಡಿಯದೆ ಹೊರಟೆವು. ಅಮ್ಮ ಕೋಲು ಹಿಡಿದು ಹಿಂದೆ ಬರುತ್ತಿದ್ದಳು. ದಾರಿಯಲ್ಲಿ ಮೊದಲು ಸಿಗುವುದು ಚಿಕ್ಕಪ್ಪನ ಹೊಲ. ಅಲ್ಲಿ ಏನೂ ಇರಲಿಲ್ಲ. ಹಿಂದಿನ ದಿನ ಹಸಿರಾಗಿದ್ದ ಕಡೆ ಬರೀ ಮರಳಿನ ಅಲೆ. ಚಿಕ್ಕಪ್ಪ ನಡುವೆ ನಿಂತು ಕಾಲಲ್ಲಿ ಮಣ್ಣು ಕೆದಕುತ್ತಿದ್ದ. ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳು ಎಂದರೆ ಬಳೆ ಒತ್ತಿ ಗುರುತು ಬಿತ್ತು. ಭಾವ ಓಡಿದ. ಜಾಲಿ ಸಾಲುಗಳ ಆಚೆ ಕಾಣದಾದ. ಆಮೇಲೆ ಅವನ ಕೂಗು ಕೇಳಿತು. ಅಳುವೋ ನಗುವೋ ತಿಳಿಯದ ಕೂಗು.

“ಇದೆ! ಇದೆ ಕಣೇ! ಎಲ್ಲಾ ನಿಂತಿದೆ!”

ನಾವೂ ಓಡಿದೆವು. ಅಯ್ಯೋ, ಆ ನೋಟ! ಸಾಲು ಸಾಲು ಗಿಡಗಳ ನಡುವೆ ಬೆರಳುದ್ದದ ಜೋಳ ತಲೆಯೆತ್ತಿ ನಿಂತಿತ್ತು. ಎಲೆ ಧೂಳು ಹಿಡಿದಿತ್ತು, ತುದಿ ಸ್ವಲ್ಪ ಬಾಡಿತ್ತು, ಅಷ್ಟೇ. ಮರಳೆಲ್ಲ ಗಿಡದ ಬುಡದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ನಾನು ನಿಂತಲ್ಲೇ ಕುಣಿದೆ. ಈ ವಯಸ್ಸಿನಲ್ಲಿ, ಈ ಮೈ ಇಟ್ಟುಕೊಂಡು! ಅಕ್ಕ ಭಾವನ ತಲೆಗೂದಲು ಹಿಡಿದು ಜಗ್ಗಾಡಿ ಬೈದಳು, ಮುದ್ದು ಮಾಡುವುದು ಅವಳಿಗೆ ಬರುವುದು ಹಾಗೆಯೇ.

ಎಲ್ಲವೂ ನಿಂತಿತ್ತು ಎಂದರೆ ಸುಳ್ಳಾಗುತ್ತದೆ. ಬೇಕರಿಯವನು ಬುಡ ಕಿತ್ತ ಕಡೆ ನಾವು ಒಟ್ಟಿದ್ದ ಮುಳ್ಳಿನ ಬೇಲಿಯನ್ನು ಗಾಳಿ ಎತ್ತಿ ಎಸೆದಿತ್ತು. ಆ ಕಂಡಿಯಿಂದ ಒಳಗೆ ಉದ್ದಕ್ಕೂ ಒಂದು ಪಟ್ಟಿ ಬೋಳಾಗಿತ್ತು. ಒಂದೂ ಸಸಿ ಇರಲಿಲ್ಲ, ಮೇಲ್ಮಣ್ಣೂ ಹಾರಿಹೋಗಿತ್ತು. ಅಮ್ಮ ಬಂದವಳು ಹಸಿರಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೋಗಿ ಆ ಪಟ್ಟಿಯ ನಡುವೆ ನಿಂತಳು. ಚಿಕ್ಕಪ್ಪನೂ ಬದು ದಾಟಿ ಬಂದ.

“ಇದೇನು?” ಎಂದಳು ಅಮ್ಮ.

ಭಾವ ಬಗ್ಗಿ ಹಾರಿಬಿದ್ದ ಮುಳ್ಳುಕೊಂಬೆಯೊಂದನ್ನು ಎತ್ತಿಕೊಂಡ.

“ಕೇಳ್ತಿರೋದು ನಿನ್ನನ್ನೇ. ಇಲ್ಲಿಗೆ ಬೀಜ ಬೇಕೋ ಬೇಡ್ವೋ?”

ಬೇಡ ಎನ್ನಬಹುದಿತ್ತು! ಹೊಲದಲ್ಲಿ ಆ ಪಟ್ಟಿ ಎಷ್ಟು ಮಹಾ? ಖಾಲಿ ಬಿಟ್ಟಿದ್ದರೆ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ. ನಾನು ಕಣ್ಣು ಬಿಟ್ಟು ಸನ್ನೆ ಮಾಡಿದೆ, ಕೆಮ್ಮಿದೆ. ನನ್ನ ಭಾವ ಎಂಬ ಮಹಾನುಭಾವ ಆ ಬೋಳು ಪಟ್ಟಿಯನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ಹೇಳಿದ, “ಬೇಕು ಅತ್ತೆ. ಇಷ್ಟಕ್ಕೆ ಮಾತ್ರ ಬೇಕು.”

“ಬಾಯಿ ಮುಚ್ಕೋ ಭಾವ!” ಎಂದು ನಾನು ಅರಚಿದೆ. ತಡವಾಗಿತ್ತು. ಅಕ್ಕ ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. “ಅತ್ತಿಗೆ, ನೀವು ಆಡಿದ ಮಾತು ಊರಿಗೆಲ್ಲ ಗೊತ್ತು. ನಾನೇನೂ ಹೇಳ್ತಿಲ್ಲ. ಮಾತು ಅಂದ್ರೆ ಮಾತು, ಅಷ್ಟೇ.”

ಅಮ್ಮ ಗಡಿಯ ಕಲ್ಲಿನ ಕಡೆ ನೋಡಿದಳು, ಆಮೇಲೆ ದೂರದ ದಿಬ್ಬದ ಕಡೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಮತ್ತೆ ಅರ್ಧ ಹೆಜ್ಜೆ ಹಿಂದೆ. ಹಿಮ್ಮಡಿಯಿಂದ ನೆಲ ಒತ್ತಿ ನೋಡಿದಳು. ಕೋಲು ಚುಚ್ಚಿದಳು.

“ಇಲ್ಲಿ ಕೆದಕು” ಎಂದಳು ಭಾವನಿಗೆ.

ಭಾವ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ತೆಗೆದ. ಹೆಚ್ಚು ಆಳ ಬೇಕಾಗಲಿಲ್ಲ, ಗಾಳಿ ಅರ್ಧ ಕೆಲಸ ಮುಗಿಸಿತ್ತು. ಕಪ್ಪಗೆ, ಗಂಟುಗಂಟಾದ, ರಾಗಿ ಬೀಸುವ ಕಲ್ಲಿನಷ್ಟು ಅಗಲದ ಬುಡವೊಂದು ಕಾಣಿಸಿತು. ಅದರ ಪಕ್ಕದಿಂದ ಬೆಳಕನ್ನೇ ಕಾಣದ ಬಿಳಿ ಮೊಳಕೆಯೊಂದು ಬಾಗಿಕೊಂಡು ಹೊರಟಿತ್ತು.

“ಬೋರೆ ಮರ. ಹೊಲಕ್ಕೆಲ್ಲ ದೊಡ್ಡದು ಇದೇ” ಎಂದಳು ಅಮ್ಮ. “ಇದನ್ನ ಕೀಳೋಕೆ ಹೋಗಿ ನಿಮ್ಮ ಮಾವ ಕೊಡಲಿ ಮುರ್ಕೊಂಡ್ರು. ಆಮೇಲೆ ಇಲ್ಲೇ ಕೂತು ಅತ್ರು. ಗಂಡಸು ಹಾಗೆ ಅಳೋದು ನಾನು ನೋಡಿರ್ಲಿಲ್ಲ. ನಾನೇ ಮಣ್ಣು ಎಳೆದು ಮುಚ್ಚಿ, ಏಳಿ, ಕಿತ್ತಾಯ್ತು ಅಂದೆ. ಊರಿಗೂ ಹಾಗೇ ಅಂದ್ವಿ. ದೊಡ್ಡ ಬುಡ ಒಂದೂ ಉಳಿದಿಲ್ಲ, ಎಲ್ಲಾ ಕಿತ್ತಿದ್ದೀವಿ ಅಂತ.” ಅವಳು ಮೂಗು ಒರೆಸಿಕೊಂಡಳು. “ಎಲ್ಲಿ ಕಿತ್ವಿ? ಆಗದೇ ಇದ್ದದ್ದಕ್ಕೆಲ್ಲ ಮಣ್ಣು ಮುಚ್ಚಿದ್ವಿ.”

ಚಿಕ್ಕಪ್ಪನಿಗೆ ಬೈಯಲು ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಅದು ಅಪರೂಪ.

“ಇಲ್ಲಿಗೆ ಬೀಜ ಬೇಡ” ಎಂದಳು ಅಮ್ಮ. “ಈ ಪಟ್ಟೀಲಿ ಬುಡ ಇನ್ನೂ ಇವೆ. ಇವನ್ನೇ ಬಿಡು. ಇವು ಬೆಳೀಲಿ, ಕಂಡಿ ಮುಚ್ಚತ್ತೆ. ಡ್ರಮ್ಮಿನ ಬೀಜ ಡ್ರಮ್ಮಲ್ಲೇ ಇರತ್ತೆ. ಕೇಳಿಸ್ತಾ?” ಕೊನೆಯದು ಚಿಕ್ಕಪ್ಪನಿಗೆ.

ಚಿಕ್ಕಪ್ಪನಿಗೆ ಕೇಳಿಸಿತು. ಅವನು ತನ್ನ ಮರಳಿನ ಹೊಲದ ಕಡೆ ತಿರುಗಿ ನೋಡಿ, ಮತ್ತೆ ನಮ್ಮ ಕಡೆ ನೋಡಿ, “ಅತ್ತಿಗೆ, ನನ್ನ ಹೊಲದಲ್ಲಿ ಎಲ್ಲೆಲ್ಲಿ ಮುಚ್ಚಿದ್ರಿ?” ಎಂದು ಕೇಳಿದ. ಅಕ್ಕನಿಗೆ ಅಳುವಿನ ನಡುವೆ ನಗು ಒತ್ತರಿಸಿಕೊಂಡು ಬಂತು.

“ನಿಲ್ಲಪ್ಪಾ, ಮೊದ್ಲು ಇಲ್ಲಿ ಮುಗೀಲಿ.” ಅಮ್ಮ ಆಗಲೇ ಮುಂದೆ ಹೊರಟಿದ್ದಳು. ಮತ್ತೊಂದು ಕಡೆ ನಿಂತು ಕೋಲು ಊರಿದಳು. “ಇಲ್ಲೊಂದು ಜಾಲಿ.” ಇನ್ನೂ ಮುಂದೆ ಹೋಗಿ, “ಇಲ್ಲೊಂದು. ಇದು ಜೋಡಿ ಇತ್ತು, ಆ ಕಡೇನೂ ನೋಡು.” ಭಾವ ಒಂದನ್ನು ಕೆದಕುವುದರೊಳಗೆ ಅವಳು ಇನ್ನೊಂದರ ಮೇಲೆ ನಿಂತಿರುತ್ತಿದ್ದಳು. ನಾನು ಹುಟ್ಟುವುದಕ್ಕೆ ಮುಂಚಿನ ಕಾಡೆಲ್ಲ ಆ ಮುದುಕಿಯ ಕಾಲಿಗೆ ಗೊತ್ತಿತ್ತು!

“ಸ್ವಲ್ಪ ನಿಧಾನ ಅತ್ತೆ” ಎಂದು ಭಾವ ಏದುಸಿರು ಬಿಡುತ್ತಾ ಓಡಿದ. “ನಾಳೆ ಮಾಡಿದ್ರಾಗಲ್ವಾ? ಮರಗಳೇನು ಓಡಿಹೋಗ್ತಾವಾ?”

“ಮರ ಓಡಿಹೋಗಲ್ಲ ಕಣೋ, ನಾನು ಹೋಗ್ತೀನಿ” ಎಂದಳು ಅಮ್ಮ, ಅಕ್ಕಪಕ್ಕದ ಹೊಲದವರಿಗೂ ಕೇಳುವಷ್ಟು ಜೋರಾಗಿ. “ಎಲ್ಲೆಲ್ಲಿ ಏನಿದೆ ಅಂತ ಗೊತ್ತಿರೋದು ನನ್ಗೊಬ್ಬಳಿಗೆ. ಹೊಲ ನಿನ್ನದು, ಇನ್ಮೇಲೆ ನೀನು ತಿಳ್ಕೊಂಡಿರು. ಹೋಗು, ಗುರುತಿಗೆ ಕಡ್ಡಿ ಆರಿಸ್ಕೊಂಡು ಬಾ. ತುಂಬಾ ಬೇಕಾಗತ್ತೆ.”